ಹತ್ತು ಜನರ ಕುಟುಂಬ ಕಾಲುದಾರಿಗೆ ಇಳಿಯುವ ಮೊದಲು

"ಮನೆಯಲ್ಲಿ ಹತ್ತು ಜನ ಇದ್ದೇವೆ. ಅಜ್ಜಿಗೆ ಮಂಡಿನೋವು, ಚಿಕ್ಕವನಿಗೆ ಮೂರು ವರ್ಷ. ಎಲ್ಲರನ್ನೂ ಕರೆದುಕೊಂಡು ಹೊಲ, ತೋಪು, ಗುಡ್ಡದ ಕಡೆ ಅರ್ಧ ದಿನ ನಡೆದು ಬರೋಕೆ ಆಗುತ್ತಾ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ಇಬ್ಬರು ಗೆಳೆಯರು ಹೊರಡುವ ಹಾಗೆ ಹತ್ತು ಜನ ಹೊರಡೋಕೆ ಆಗಲ್ಲ.

ಹೆಚ್ಚಿನವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಹೋಗಬಹುದು ಅಂತ. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದದ್ದು. ಯಾರ ಮುಂದೆ ಯಾರು, ಯಾರ ಹಿಂದೆ ಯಾರು, ಯಾವ ಮಗು ಯಾರ ಜವಾಬ್ದಾರಿ ಎಂಬುದು ಮೊದಲು ತೀರ್ಮಾನ ಆಗಬೇಕು. ಸಾಲು ಸರಿಯಾಗಿದ್ದರೆ ದೂರ ತಾನಾಗಿ ಸಾಗುತ್ತದೆ. ಸಾಲು ಕೆಟ್ಟರೆ ಎರಡು ಕಿಲೋಮೀಟರ್ ಕೂಡ ಸಾಕು ಸಾಕೆನಿಸುತ್ತದೆ.

ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಈ ಬರಹದ ಉದ್ದಕ್ಕೂ ಒಂದು ಗುಂಪನ್ನು ಇಟ್ಟುಕೊಳ್ಳೋಣ: ಅಜ್ಜಿ, ತಾತ, ಎರಡು ಜೋಡಿ ಅಪ್ಪ ಅಮ್ಮಂದಿರು, ಹದಿನಾಲ್ಕು, ಒಂಬತ್ತು, ಐದು ಮತ್ತು ಮೂರು ವರ್ಷದ ನಾಲ್ಕು ಮಕ್ಕಳು. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಿ.

1. ಮೊದಲು ಒಂದು ಪಟ್ಟಿ ಬರೆಯಿರಿ

ಬರುವವರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿ ಹೆಸರಿನ ಎದುರು ಎರಡೇ ವಿಷಯ: ತಡೆಯಿಲ್ಲದೆ ಎಷ್ಟು ಹೊತ್ತು ನಡೆಯಬಲ್ಲರು, ಏನು ತೊಂದರೆ ಇದೆ. ಮಂಡಿನೋವು, ಉಬ್ಬಸ, ಸಕ್ಕರೆ ಕಾಯಿಲೆ, ಜೇನು ಕಚ್ಚಿದರೆ ಅಲರ್ಜಿ, ಎತ್ತರ ಕಂಡರೆ ಭಯ, ಎಲ್ಲವನ್ನೂ ಬರೆಯಿರಿ.

ಹಿರಿಯರನ್ನು ಎಲ್ಲರೆದುರು "ನಿಮ್ಮ ಕೈಲಿ ಆಗುತ್ತಾ?" ಅಂತ ಕೇಳಬೇಡಿ. ಆಗಲ್ಲ ಎನ್ನಲು ಯಾರಿಗೂ ಮನಸ್ಸು ಬರಲ್ಲ. ಒಂದೆರಡು ದಿನ ಮೊದಲು ಅಜ್ಜಿಯ ಜೊತೆ ನೀವೊಬ್ಬರೇ ಅರ್ಧ ಗಂಟೆ ನಡೆದು ನೋಡಿ. ಎಲ್ಲಿ ನಿಲ್ಲುತ್ತಾರೆ, ಇಳಿಯುವಾಗ ಯಾವ ಕಾಲು ಹಿಂಜರಿಯುತ್ತದೆ, ಮಾತಾಡುತ್ತಾ ನಡೆಯುವಾಗ ಉಸಿರು ಕಟ್ಟುತ್ತದಾ ಅಂತ ಗಮನಿಸಿ. ಇದು ಯಾವ ಮಾತಿಗಿಂತಲೂ ನಿಖರವಾದ ಉತ್ತರ.

ಪಟ್ಟಿಯಲ್ಲಿ ಅತಿ ನಿಧಾನದ ಇಬ್ಬರ ಹೆಸರಿಗೆ ಗುರುತು ಹಾಕಿ. ಮುಂದಿನ ಎಲ್ಲ ಲೆಕ್ಕವೂ ಅವರಿಬ್ಬರದ್ದೇ.

2. ದಾರಿ ಆರಿಸುವುದು

ದಾರಿಗಳಲ್ಲಿ ಮೂರು ಬಗೆ. ಹೊರಟ ಜಾಗಕ್ಕೇ ಬೇರೆ ಕಡೆಯಿಂದ ಬಂದು ಸೇರುವ ಸುತ್ತುದಾರಿ. ಹೋದ ದಾರಿಯಲ್ಲೇ ವಾಪಸ್ ಬರುವ ದಾರಿ. ಒಂದು ಕಡೆ ಹೊರಟು ಇನ್ನೊಂದು ಕಡೆ ಮುಗಿಯುವ ದಾರಿ.

ಮೊದಲ ಸಲ ಹೋಗುವ ದೊಡ್ಡ ಕುಟುಂಬಕ್ಕೆ ನಾನು ಹೇಳುವುದು ಹೋದ ದಾರಿಯಲ್ಲೇ ಬರುವುದನ್ನು. ಸುತ್ತುದಾರಿ ಚಂದ, ಒಪ್ಪುತ್ತೇನೆ. ಆದರೆ ಅರ್ಧ ದಾಟಿದ ಮೇಲೆ ಮಗು ಅತ್ತರೆ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಹೋದ ದಾರಿಯಲ್ಲೇ ಬರುವುದಾದರೆ ಯಾವ ಕ್ಷಣದಲ್ಲಿ ಬೇಕಾದರೂ ತಿರುಗಬಹುದು. ಅಜ್ಜಿ ತಾತ ನಡುದಾರಿಯ ನೆರಳಲ್ಲಿ ಒಬ್ಬರ ಜೊತೆ ಕೂತು, ಉಳಿದವರು ಮುಂದೆ ಹೋಗಿ ಬಂದು ಅವರನ್ನು ಸೇರಿಕೊಳ್ಳಬಹುದು. ಎರಡು ಮೂರು ಸಲ ಹೋಗಿ ಬಂದು ಗುಂಪಿನ ನಡಿಗೆ ತಿಳಿದ ಮೇಲೆ ಸುತ್ತುದಾರಿಗೆ ಹೋಗಿ.

ನಕ್ಷೆ ನೋಡುವಾಗ ಎರಡು ಮಾತು ಗೊತ್ತಿರಲಿ. ಒಂದು, ಸ್ಕೇಲ್, ಅಂದರೆ ನಕ್ಷೆಯ ಅಳತೆ. 1:50,000 ಅಂತ ಇದ್ದರೆ ನಕ್ಷೆಯ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. 1:25,000 ಇದ್ದರೆ 4 ಸೆಂಟಿಮೀಟರ್‌ಗೆ 1 ಕಿಲೋಮೀಟರ್. ಇನ್ನೊಂದು, ಕಾಂಟೂರ್ ಗೆರೆ. ಒಂದೇ ಎತ್ತರದಲ್ಲಿರುವ ಜಾಗಗಳನ್ನು ಜೋಡಿಸುವ ಗೆರೆ ಇದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಮತಟ್ಟು.

ಮಂಡಿನೋವಿನವರು ಇದ್ದರೆ ಒಂದು ವಿಷಯ ಮರೆಯಬೇಡಿ. ಏರು ಉಸಿರನ್ನು ಪರೀಕ್ಷೆ ಮಾಡುತ್ತದೆ, ಇಳಿಜಾರು ಮಂಡಿಯನ್ನು. "ಹತ್ತಿಬಿಟ್ಟರೆ ಆಯ್ತು, ಇಳಿಯೋದು ಸುಲಭ" ಎನ್ನುವುದು ಎಳೆಯ ಕಾಲುಗಳ ಮಾತು. ಇಳಿಯುವ ಭಾಗ ಉದ್ದವಾಗಿ, ಮೆಲ್ಲಗೆ ಇಳಿಯುವಂಥ ದಾರಿ ಹುಡುಕಿ.

ದಾರಿಯ ಮಧ್ಯೆ ವಾಹನ ಬರಬಲ್ಲ ಜಾಗ ಒಂದಾದರೂ ಇದೆಯಾ ನೋಡಿಕೊಳ್ಳಿ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ. ಇದನ್ನೇ ಆಫ್‌ಲೈನ್ ನಕ್ಷೆ ಎನ್ನುವುದು, ನೆಟ್‌ವರ್ಕ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ. ಒಂದು ಪ್ರತಿ ಕಾಗದದ ಮೇಲೂ ಇರಲಿ.

3. ಸಮಯದ ಲೆಕ್ಕ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಒಂದು ಸರಳ ಲೆಕ್ಕ ಇವತ್ತಿಗೂ ಬಳಕೆಯಲ್ಲಿದೆ. ಅಂದಾಜು 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ.

ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳು, ಹಿರಿಯರು ಇರುವ ಗುಂಪಿಗೆ ನಾನು ಬಂದ ಉತ್ತರವನ್ನು ಎರಡರಿಂದ ಗುಣಿಸುತ್ತೇನೆ. ಉದಾಹರಣೆಗೆ ಹೋಗಿ ಬರುವ ದೂರ 6 ಕಿಲೋಮೀಟರ್, ಒಟ್ಟು ಹತ್ತುವುದು 180 ಮೀಟರ್ ಅಂತಿಟ್ಟುಕೊಳ್ಳಿ. ದೂರಕ್ಕೆ 72 ನಿಮಿಷ, ಏರಿಗೆ 18 ನಿಮಿಷ, ಒಟ್ಟು ಒಂದೂವರೆ ಗಂಟೆ. ಎರಡರಿಂದ ಗುಣಿಸಿದರೆ ಮೂರು. ಊಟ, ವಿಶ್ರಾಂತಿಗೆ ಒಂದು ಗಂಟೆ ಸೇರಿಸಿ. ನಾಲ್ಕು ಗಂಟೆ ಆಯಿತು. ನಮ್ಮ ಹತ್ತು ಜನರ ಗುಂಪಿಗೆ ಇದು ಒಂದು ಒಳ್ಳೆಯ ದಿನದ ಮಿತಿ. ಮೊದಲ ಸಲ ಆದರೆ ಇದರ ಅರ್ಧ ಸಾಕು.

ಈಗ ತಿರುಗುವ ಸಮಯ ಗೊತ್ತುಮಾಡಿ. ಎಲ್ಲೇ ಇರಲಿ, ಇಷ್ಟು ಗಂಟೆಗೆ ವಾಪಸ್ ತಿರುಗುತ್ತೇವೆ ಎಂಬ ತೀರ್ಮಾನ ಅದು. ಮನೆಯಲ್ಲೇ ಎಲ್ಲರಿಗೂ ಹೇಳಿ, ಮಕ್ಕಳಿಗೂ ಹೇಳಿ. "ಇನ್ನು ಸ್ವಲ್ಪ ಹೋದರೆ ಕೆರೆ ಸಿಗುತ್ತೆ" ಎಂಬ ಆಸೆ ಸರಿಯಾಗಿ ಆ ಹೊತ್ತಿಗೇ ಬರುತ್ತದೆ. ಕತ್ತಲಾಗುವ ಎರಡು ಗಂಟೆ ಮೊದಲು ನಡಿಗೆ ಮುಗಿಯುವ ಹಾಗೆ ಇಟ್ಟುಕೊಂಡರೆ ತಡವಾದರೂ ಬೆಳಕು ಕೈಯಲ್ಲಿರುತ್ತದೆ.

ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಗುಂಪಿನಲ್ಲಿ ಇಲ್ಲದ ಒಬ್ಬರಿಗೆ ತಿಳಿಸಿ. ಬಂದ ಮೇಲೆ ಅವರಿಗೆ ಫೋನ್ ಮಾಡುವುದೂ ನಿಮ್ಮದೇ ಕೆಲಸ.

4. ಸಾಲು ಕಟ್ಟುವುದು

ಈ ಹಂತವನ್ನು ನಿಧಾನವಾಗಿ ಓದಿ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ, ಇದರಲ್ಲಿ ಆಗಬಾರದು.

ಮುಂದಾಳು ದಾರಿ ಗೊತ್ತಿರುವ ಒಬ್ಬ ದೊಡ್ಡವರು. ಅವರ ಕೆಲಸ ದಾರಿ ನೋಡುವುದು, ವೇಗ ಹಿಡಿದಿಡುವುದು, ಕವಲು ಬಂದ ಕಡೆಯೆಲ್ಲ ನಿಲ್ಲುವುದು. ಎಲ್ಲರೂ ಬಂದು ಸೇರುವ ತನಕ ಕವಲು ದಾಟಬಾರದು. ಗುಂಪು ಒಡೆಯುವುದು ಹೆಚ್ಚಾಗಿ ಕವಲಿನಲ್ಲೇ.

ಕೊನೆಯವರು ಇನ್ನೊಬ್ಬ ಗಟ್ಟಿ ದೊಡ್ಡವರು. ಅವರ ಹಿಂದೆ ಯಾರೂ ಇರಕೂಡದು. ಮಗು ಪೊದೆ ಹಿಂದೆ ಹೋಗಬೇಕು ಅಂದರೆ ಕೊನೆಯವರು ಅಲ್ಲೇ ನಿಲ್ಲಬೇಕು. ಬೇರೊಬ್ಬರಿಗೆ ಕೆಲಸ ಒಪ್ಪಿಸುವುದಾದರೆ ಬಾಯಿಬಿಟ್ಟು ಹೇಳಬೇಕು: "ಈಗಿಂದ ಕೊನೆ ನೀನು." ಆ ಕಡೆಯಿಂದ "ಸರಿ, ನಾನು" ಅಂತ ಕೇಳಿಸಬೇಕು. ತಲೆ ಆಡಿಸಿದರೆ ಸಾಲದು.

ಅತಿ ನಿಧಾನದ ಇಬ್ಬರು ಮುಂದಾಳಿನ ಬೆನ್ನಹಿಂದೆಯೇ ನಡೆಯಲಿ. ಜನ ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ಅಜ್ಜಿ ಕೊನೆಯಲ್ಲಿ ಉಳಿಯುತ್ತಾರೆ, ಉಳಿದವರು ಮುಂದೆ ಹೋಗಿ ಕಾಯುತ್ತಾರೆ. ಅಜ್ಜಿ ಬಂದು ಸೇರುವಷ್ಟರಲ್ಲಿ ಕೂತವರ ಸುಸ್ತು ಆರಿರುತ್ತದೆ, "ಹೊರಡೋಣ" ಎನ್ನುತ್ತಾರೆ. ಎಲ್ಲರಿಗಿಂತ ಜಾಸ್ತಿ ದಣಿದವರಿಗೆ ಒಂದು ನಿಮಿಷದ ವಿಶ್ರಾಂತಿಯೂ ಸಿಗುವುದಿಲ್ಲ. ಅವರನ್ನು ಮುಂದಕ್ಕೆ ತನ್ನಿ, ಗುಂಪು ಅವರ ಹೆಜ್ಜೆಗೆ ಹೆಜ್ಜೆ ಹಾಕಲಿ.

ಪ್ರತಿ ಚಿಕ್ಕ ಮಗುವಿಗೆ ಒಬ್ಬರೇ ದೊಡ್ಡವರು. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡಿಕೊಳ್ಳಲ್ಲ. ಇದನ್ನು ನಾನು ಕಲಿತದ್ದು ಹೆದರಿಕೊಂಡೇ. ಒಮ್ಮೆ ತೊರೆಯ ಹತ್ತಿರ ಕೂತು ಎದ್ದಾಗ ತಂಗಿಯ ಮಗ ಅವಳ ಜೊತೆ ಇದ್ದಾನೆ ಅಂದುಕೊಂಡು ನಾನು ಹೊರಟೆ, ನನ್ನ ಜೊತೆ ಇದ್ದಾನೆ ಅಂದುಕೊಂಡು ಅವಳು ಹೊರಟಳು. ಇನ್ನೂರು ಹೆಜ್ಜೆ ಹೋದ ಮೇಲೆ ಗೊತ್ತಾಯಿತು. ಮಗು ಕೂತಿದ್ದ ಜಾಗದಲ್ಲೇ ನೀರಿಗೆ ಕಲ್ಲು ಹಾಕುತ್ತಾ ಇತ್ತು. ಅಲ್ಲಿಂದೀಚೆಗೆ ನಮ್ಮಲ್ಲಿ ಮಗುವನ್ನು ಒಪ್ಪಿಸುವುದು ಕೈಯಿಂದ ಕೈಗೆ, ಮಾತಿನಿಂದ ಮಾತಿಗೆ. "ಇವನು ನಿನ್ನ ಹತ್ತಿರ." "ಹೂಂ, ನನ್ನ ಹತ್ತಿರ."

ತಲೆ ಎಣಿಕೆಗೆ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಎಣಿಸುವಾಗ ತಮ್ಮ ತಮ್ಮ ಸಂಖ್ಯೆಯನ್ನು ತಾವೇ ಕೂಗಬೇಕು. ಒಬ್ಬರು ನಿಂತು ಬೆರಳು ತೋರಿಸಿ ಎಣಿಸಿದರೆ ಓಡಾಡುವ ಮಗು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಎಣಿಸುವವರು ತಮ್ಮನ್ನೇ ಬಿಟ್ಟುಬಿಡುತ್ತಾರೆ. ಕೂಗುವಾಗ ಹಾಗಾಗಲ್ಲ. "ಆರು" ಆದ ಮೇಲೆ ಮೌನ ಬಿದ್ದರೆ ಏಳು ಯಾರು ಅಂತ ತಕ್ಷಣ ಗೊತ್ತಾಗುತ್ತದೆ. ಮಕ್ಕಳಿಗೂ ಇದು ಇಷ್ಟ.

ಎಣಿಕೆ ಯಾವಾಗ? ಹೊರಡುವಾಗ, ಪ್ರತಿ ಕವಲಿನಲ್ಲಿ, ರಸ್ತೆ ಅಥವಾ ನೀರು ದಾಟುವ ಮೊದಲು ಮತ್ತು ದಾಟಿದ ಮೇಲೆ, ಕೂತು ಎದ್ದಾಗಲೆಲ್ಲ.

5. ಕಾಲು, ಬೆನ್ನು, ನೀರು

ಹೊಸ ಶೂ ಹಾಕಿಕೊಂಡು ಹೊರಡಬೇಡಿ. ಕಡಿಮೆ ಎಂದರೂ ಒಂದು ವಾರ ಮನೆಯಲ್ಲಿ ಹಾಕಿ ಪಳಗಿಸಿ. ಮಕ್ಕಳ ಕಾಲು ಬೇಗ ಬೆಳೆಯುತ್ತದೆ, ಹಿಂದಿನ ಸಲ ಸರಿಯಿದ್ದ ಶೂ ಈ ಸಲ ಬೆರಳು ಒತ್ತಬಹುದು. ಹಿಂದಿನ ದಿನವೇ ಹಾಕಿ ನೋಡಿ. ಹತ್ತಿಯ ಕಾಲುಚೀಲ ಬೆವರು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ. ಉಣ್ಣೆಯದ್ದೋ ಬೇಗ ಒಣಗುವ ಬಟ್ಟೆಯದ್ದೋ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಬ್ಬೊಬ್ಬರಿಗೂ ಒಂದು ಒಣಗಿದ ಜೊತೆ ಚೀಲದಲ್ಲಿರಲಿ.

ನೀರಿನ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ಹಿತವಾದ ಹವೆಯಲ್ಲಿ ನಡೆಯುವ ದೊಡ್ಡವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ಬೇಕು, ಬಿಸಿಲಿದ್ದರೆ ಇನ್ನೂ ಜಾಸ್ತಿ. ನಾಲ್ಕು ಗಂಟೆಗೆ ಆರು ದೊಡ್ಡವರಿಗೆ ತಲಾ ಎರಡು ಲೀಟರ್, ನಾಲ್ಕು ಮಕ್ಕಳಿಗೆ ತಲಾ ಒಂದು. ಒಟ್ಟು ಹದಿನಾರು ಲೀಟರ್. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ, ಅಂದರೆ ಬರೀ ನೀರೇ ಹದಿನಾರು ಕಿಲೋ. ಒಬ್ಬರೇ ಹೊರುವ ಮಾತಲ್ಲ ಇದು. ಮನೆಯಲ್ಲೇ ಹಂಚಿ. ಆರು ತಿಂಗಳು ತುಂಬದ ಕೂಸು ಇದ್ದರೆ ಅದಕ್ಕೆ ನೀರು ಬೇಡ, ಹಾಲು ಸಾಕು. ಅದರ ಬದಲು ತಾಯಿಗೆ ಒಂದು ಬಾಟಲಿ ಜಾಸ್ತಿ ಇಡಿ.

ಮಕ್ಕಳ ಬೆನ್ನಿಗೆ ಅವರ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಭಾರ ಬೇಡ. 20 ಕಿಲೋ ಮಗುವಿಗೆ 2 ಕಿಲೋ ಕೊನೆ. ಆದರೆ ಏನೂ ಕೊಡದೆ ಇರಬೇಡಿ. ಐದು ವರ್ಷದವಳ ಚೀಲದಲ್ಲಿ ಅವಳ ಸೀಟಿ, ಟೋಪಿ, ಸಣ್ಣ ಬಾಟಲಿ ಇದ್ದರೆ ಸಾಕು. "ನನ್ನ ಚೀಲ" ಎಂಬುದು ಅವಳನ್ನು ಒಂದು ಕಿಲೋಮೀಟರ್ ಹೆಚ್ಚು ನಡೆಸುತ್ತದೆ.

ಮಗುವನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವ ಚೌಕಟ್ಟಿನ ಚೀಲ ಬಳಸುವುದಾದರೆ, ಕೂಸು ಕತ್ತು ನಿಲ್ಲಿಸಿ ತಾನೇ ಕೂರುವಷ್ಟು ದೊಡ್ಡದಾಗಿರಬೇಕು, ಅಂದರೆ ಆರು ತಿಂಗಳ ಆಸುಪಾಸು. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಹೊತ್ತವರು ನಡೆಯುತ್ತಾ ಬೆವರುತ್ತಾರೆ, ಮಗುವಿಗೂ ಸೆಕೆ ಅಂದುಕೊಳ್ಳುತ್ತಾರೆ. ಆದರೆ ಮಗು ಅಲುಗಾಡದೆ ಕೂತಿರುತ್ತದೆ, ಗಾಳಿಗೆ ಅದರ ಕೈಕಾಲು ತಣ್ಣಗಾಗಿರುತ್ತದೆ. ಅರ್ಧ ಗಂಟೆಗೊಮ್ಮೆ ಕೆಳಗಿಳಿಸಿ, ಕತ್ತಿನ ಹಿಂದೆ ಕೈಯಿಟ್ಟು ನೋಡಿ. ಬಿಸಿಲಲ್ಲಿ ಬಟ್ಟೆ ಹೊದಿಸಿ ಪೂರ್ತಿ ಮುಚ್ಚಬೇಡಿ, ಒಳಗೆ ಗಾಳಿ ಆಡದೆ ಕುದಿಯುತ್ತದೆ.

ಉಳಿದ ಸಾಮಾನು ಚಿಕ್ಕ ಪಟ್ಟಿ: ಟಾರ್ಚ್, ಚಿಮುಟ, ಬ್ಯಾಂಡೇಜು, ಬೊಬ್ಬೆಗೆ ಅಂಟಿಸುವ ಪ್ಲಾಸ್ಟರ್, ಓಆರ್‌ಎಸ್ ಪೊಟ್ಟಣ (ವಾಂತಿ, ಭೇದಿ ಆದಾಗ ದೇಹ ಕಳೆದುಕೊಂಡ ನೀರು, ಉಪ್ಪನ್ನು ತುಂಬುವ ಪುಡಿ), ಅವರವರ ಮಾತ್ರೆ, ಇನ್‌ಹೇಲರ್, ಮಳೆಯಂಗಿ, ಕಸ ತರಲು ಖಾಲಿ ಚೀಲ. ಮಾತ್ರೆ ಮತ್ತು ಇನ್‌ಹೇಲರ್ ಬೇಕಾದವರ ಚೀಲದಲ್ಲೇ ಇರಬೇಕು. ಮುಂದೆ ಹೋದವರ ಚೀಲದಲ್ಲಿ ಇದ್ದು ಪ್ರಯೋಜನ ಇಲ್ಲ.

6. ದಾರಿಯಲ್ಲಿ

ಮೊದಲ ಹದಿನೈದು ನಿಮಿಷ ಬೇಕೆಂದೇ ನಿಧಾನ ನಡೆಯಿರಿ. ಮಕ್ಕಳು ಓಡುತ್ತಾರೆ, ಓಡಲಿ. ದೊಡ್ಡವರು ಓಡಬೇಡಿ. ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ವೇಗ ಸರಿ ಇದೆ ಅಂತ ಅರ್ಥ.

ಕಾಲು ಗಂಟೆ ಆದ ಮೇಲೆ ಒಮ್ಮೆ ನಿಲ್ಲಿ, ಎರಡೇ ನಿಮಿಷ. ಶೂ ದಾರ ಬಿಗಿ ಮಾಡಿಕೊಳ್ಳಲು, ಮೇಲಂಗಿ ತೆಗೆಯಲು, ಎಲ್ಲಾದರೂ ಚುಚ್ಚುತ್ತಿದೆಯಾ ಅಂತ ಕೇಳಲು. ಇದರ ಮಹತ್ವ ನನಗೆ ತಿಳಿದದ್ದು ಅಣ್ಣನ ಮಗಳಿಂದ. ಐದು ವರ್ಷದ ಹುಡುಗಿ ಒಂದು ಕಲ್ಲಿನ ಮೇಲೆ ಕೂತು ಇನ್ನು ಬರಲ್ಲ ಅಂದಳು. ಹಠ ಅಂತ ನಾವೆಲ್ಲ ಅಂದುಕೊಂಡೆವು. ಅವಳ ಅಜ್ಜಿ ಏನೂ ಹೇಳದೆ ಕೂತು ಶೂ ಬಿಚ್ಚಿದರು. ಕಾಲುಚೀಲ ಹಿಮ್ಮಡಿಯ ಕೆಳಗೆ ಮಡಿಚಿ ಸೇರಿಕೊಂಡಿತ್ತು, ಮಡಿಕೆಯೊಳಗೆ ಕಡಲೆಗಿಂತ ಚಿಕ್ಕದಾದ ಒಂದು ಮುಳ್ಳುಕಾಯಿ. ಹಿಮ್ಮಡಿ ಕೆಂಪಾಗಿ, ನಡುವೆ ಬಿಳಿಚಿಕೊಂಡಿತ್ತು. ಮುಳ್ಳು ತೆಗೆದು, ಚೀಲ ಎಳೆದು ನೆಟ್ಟಗೆ ಮಾಡಿ, ಪ್ಲಾಸ್ಟರ್ ಹಾಕಿದ್ದಷ್ಟೇ. ಅವಳು ಎದ್ದು ಎಲ್ಲರಿಗಿಂತ ಮುಂದೆ ನಡೆದಳು. ಚಿಕ್ಕ ಮಕ್ಕಳಿಗೆ "ಇಲ್ಲಿ ನೋಯುತ್ತಿದೆ" ಅಂತ ಹೇಳಲು ಗೊತ್ತಾಗುವುದಿಲ್ಲ, "ಬರಲ್ಲ" ಎನ್ನುತ್ತಾರೆ. ಬೈಯುವ ಮೊದಲು ಶೂ ಬಿಚ್ಚಿ ನೋಡಿ.

ಚರ್ಮ ಕೆಂಪಾದ ಕೂಡಲೇ ಪ್ಲಾಸ್ಟರ್ ಹಾಕಿ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಅದರ ಮೇಲಿನ ಚರ್ಮವೇ ಒಳ್ಳೆಯ ಪಟ್ಟಿ.

ಸುಸ್ತಾದ ಮೇಲೆ ನಿಲ್ಲುವುದಲ್ಲ, ಸುಸ್ತಾಗುವ ಮೊದಲು ನಿಲ್ಲಬೇಕು. ಮಕ್ಕಳಿರುವ ಗುಂಪಿಗೆ ಅರ್ಧ ಮುಕ್ಕಾಲು ಗಂಟೆಗೊಂದು ನಿಲುಗಡೆ ಸರಿ. ಪ್ರತಿ ಸಲ ಎರಡು ಗುಟುಕು ನೀರು, ಒಂದು ತುತ್ತು ತಿನ್ನಲು. ಎಲ್ಲ ತಿಂಡಿಯನ್ನೂ ಒಂದೇ ಸಲ ಬಿಚ್ಚಬೇಡಿ. ಹೊಟ್ಟೆ ಬಿರಿಯೆ ತಿಂದ ಮೇಲೆ ಯಾರಿಗೂ ಏಳುವ ಮನಸ್ಸಿರಲ್ಲ. ಎಲ್ಲರಿಗೂ ಇಷ್ಟವಾದ ಒಂದು ತಿನಿಸನ್ನು ವಾಪಸ್ ಬರುವ ಕೊನೆಯ ಮುಕ್ಕಾಲು ಗಂಟೆಗೆ ಎತ್ತಿಡಿ. ಅಳು, ಜಗಳ, ಎಡವುವುದು ಎಲ್ಲ ಹೆಚ್ಚಾಗುವುದು ಆಗಲೇ.

ಮಕ್ಕಳು ದೂರಕ್ಕೆ ದಣಿಯುವುದಕ್ಕಿಂತ ಬೇಜಾರಿಗೆ ದಣಿಯುವುದು ಹೆಚ್ಚು. ಅವರಿಗೆ ನಿಜವಾದ ಕೆಲಸ ಕೊಡಿ. ಹದಿನಾಲ್ಕು ವರ್ಷದವಳ ಕೈಗೆ ಕಾಗದದ ನಕ್ಷೆ ಕೊಟ್ಟು, ಮುಂದಿನ ಕವಲು ಎಲ್ಲಿ ಅಂತ ಅವಳೇ ಹೇಳಲಿ. ತಪ್ಪು ಹೇಳಿದರೆ ನಾಲ್ಕು ಹೆಜ್ಜೆ ತಪ್ಪು ದಾರಿಯಲ್ಲೇ ಹೋಗಿ, ತಾನಾಗಿ ಗುರುತಿಸಲಿ. ಒಂಬತ್ತು ವರ್ಷದವನು ತಲೆ ಎಣಿಕೆ ಕೂಗಿಸಲಿ. ಐದು ವರ್ಷದವಳು ದಾರಿಗುರುತು ಹುಡುಕಲಿ. ಮೂರು ವರ್ಷದ ಮಗುವಿಗೆ ಕೆಲಸ ಕೊಡುವ ಅಗತ್ಯವಿಲ್ಲ, ಅದಕ್ಕೆ ಸಮಯ ಕೊಡಿ. ಅದು ಕುಕ್ಕರಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿದ್ದರೆ ಐದು ನಿಮಿಷ ನೋಡಲಿ. ಆಮೇಲೆ ಎತ್ತಿಕೊಳ್ಳಿ.

"ನಾನು ಮುಂದೆ" ಎಂಬ ಜಗಳ ಪ್ರತಿ ದೊಡ್ಡ ಕುಟುಂಬದಲ್ಲೂ ಇದ್ದದ್ದೇ. ಸರದಿಯನ್ನು ನಿಮಿಷದ ಲೆಕ್ಕದಲ್ಲಿ ಹಂಚಬೇಡಿ, ಯಾರೂ ಒಪ್ಪಲ್ಲ. ಕಣ್ಣಿಗೆ ಕಾಣುವ ಗುರುತಿಗೆ ಹಂಚಿ: ಆ ದೊಡ್ಡ ಮರದ ತನಕ ನೀನು, ಅಲ್ಲಿಂದ ಸೇತುವೆ ತನಕ ತಮ್ಮ. ಹೇಗೂ ಮುಂದಾಳು ಅವರ ಜೊತೆಯಲ್ಲೇ ಇರುತ್ತಾರೆ.

ಅಜ್ಜಿ ತಾತನಿಗೆ ಇಳಿಜಾರಿನಲ್ಲಿ ಊರುಗೋಲು ಬಹಳ ಉಪಕಾರಿ. ಉದ್ದ ಬದಲಾಯಿಸಬಹುದಾದ ನಡಿಗೆಕೋಲು ಇದ್ದರೆ ಇಳಿಯುವಾಗ ಸ್ವಲ್ಪ ಉದ್ದ ಮಾಡಿಕೊಡಿ, ಬಗ್ಗಬೇಕಾಗಿ ಬರುವುದಿಲ್ಲ. ಕೈ ಹಿಡಿದು ಎಳೆಯಬೇಡಿ. ಅವರಿಗಿಂತ ಒಂದು ಹೆಜ್ಜೆ ಕೆಳಗೆ ನಿಂತು, ಅವರು ನಿಮ್ಮ ಹೆಗಲು ಹಿಡಿಯಲಿ.

7. ರಸ್ತೆ, ಹೊಲ, ಜಾನುವಾರು

ಕಾಲುದಾರಿ ಇಲ್ಲದ ರಸ್ತೆಯಲ್ಲಿ ಎದುರಿಗೆ ಬರುವ ವಾಹನ ಕಣ್ಣಿಗೆ ಕಾಣುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ನಡೆಯಿರಿ. ಮಕ್ಕಳು ಒಳಬದಿಗೆ. ಹೊಲದಲ್ಲಿ ಬೆಳೆ ತುಳಿಯಬೇಡಿ, ಬದುವಿನ ಮೇಲೆ ನಡೆಯಿರಿ. ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಡಿ. ಹಸುವಿಗೂ ಕರುವಿಗೂ ನಡುವೆ ಹಾಯಬೇಡಿ, ಸಾಧು ಹಸುವೂ ಕರು ಇದ್ದಾಗ ಹಾಯುತ್ತದೆ. ಬಯಲಿಗೆ ಹೋಗಲೇಬೇಕಾದರೆ ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಗುಂಡಿ ತೋಡಿ, ಮುಚ್ಚಿ.

8. ಹವೆ ಮತ್ತು ಅಪಾಯ

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ, ತಕ್ಷಣ ಎತ್ತರದ ಜಾಗದಿಂದ ಇಳಿಯಿರಿ. ಗಟ್ಟಿ ಕಟ್ಟಡ ಅಥವಾ ಬಾಗಿಲು ಮುಚ್ಚಿದ ಕಾರು ಸುರಕ್ಷಿತ. ಒಂಟಿ ಮರದ ಕೆಳಗೆ ನಿಲ್ಲಲೇಬೇಡಿ. ಬಯಲಲ್ಲಿ ಸಿಕ್ಕಿಬಿದ್ದರೆ ಎಲ್ಲರೂ ತಬ್ಬಿಕೊಂಡು ನಿಲ್ಲಬೇಕು ಅನಿಸುತ್ತದೆ, ಸಹಜ. ಆದರೆ ಮಾಡಬೇಕಾದ್ದು ಅದರ ಉಲ್ಟಾ. ಒಬ್ಬರಿಂದೊಬ್ಬರು ಹತ್ತಿಪ್ಪತ್ತು ಮೀಟರ್ ದೂರ ಸರಿಯಿರಿ, ಒಂದು ಸಿಡಿಲು ಎಲ್ಲರನ್ನೂ ತಾಕದಿರಲಿ. ಕೈಗೂಸುಗಳು ಮಾತ್ರ ಹೊತ್ತವರ ಜೊತೆಗೇ ಇರಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಡಿ.

ಬಿಸಿಲಲ್ಲಿ ಯಾರಾದರೂ ಸುಮ್ನೆ ಮಂಕಾದರೆ, ತಲೆನೋವು, ವಾಕರಿಕೆ ಅಂದರೆ ನೆರಳಿಗೆ ಕರೆದೊಯ್ದು ನೀರು ಕುಡಿಸಿ, ಮೈಗೆ ಒದ್ದೆ ಬಟ್ಟೆ ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಏನೇನೋ ಬಡಬಡಿಸಿದರೆ ಅದು ಬಿಸಿಲಿನ ಆಘಾತ, ಅಂದರೆ ಹೀಟ್ ಸ್ಟ್ರೋಕ್. ಪ್ರಾಣಕ್ಕೆ ಅಪಾಯ. ಮೈ ತಣ್ಣಗೆ ಮಾಡುತ್ತಲೇ ಸಹಾಯಕ್ಕೆ ಕರೆ ಮಾಡಿ.

ಹಾವು ಕಚ್ಚಿದರೆ ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಬಳೆ, ಉಂಗುರ, ಗಡಿಯಾರ ತೆಗೆಯಿರಿ, ಬಾವು ಬಂದರೆ ಅವು ಬಿಗಿಯುತ್ತವೆ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. ಹಾವು ಹುಡುಕುತ್ತಾ ಕೂರಬೇಡಿ.

ಜೇನು ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಿ. ನೀರಿಗೆ ಹಾರಬೇಡಿ, ತಲೆ ಎತ್ತುವುದನ್ನೇ ಕಾಯುತ್ತವೆ. ಮುಳ್ಳನ್ನು ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು. ತುಟಿ, ಗಂಟಲು ಊದಿದರೆ ಅಥವಾ ಉಸಿರು ಕಟ್ಟಿದರೆ ಒಂದು ಕ್ಷಣವೂ ತಡಮಾಡಬೇಡಿ.

ಅನೇಕ ದೇಶಗಳಲ್ಲಿ ಮೊಬೈಲಿನಿಂದ 112 ಒತ್ತಿದರೆ ತುರ್ತು ಸಹಾಯ ಸಿಗುತ್ತದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆ ಬೇರೆ ಕಂಪನಿಯ ಸಿಗ್ನಲ್ ಮೂಲಕವೂ ಕರೆ ಹೋಗಬಹುದು. ಪ್ರಯತ್ನಿಸದೆ ಬಿಡಬೇಡಿ.

9. ಯಾರಾದರೂ ಕಾಣದಿದ್ದರೆ

ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ಆಟದಂತೆ ಕಲಿಸಿ. ದಾರಿ ತಪ್ಪಿದೆ ಅನಿಸಿದ ಕ್ಷಣ ನಿಲ್ಲು. ಹತ್ತಿರದ ಮರದ ಬುಡದಲ್ಲಿ ಕೂರು, ಆ ಮರ ಬಿಟ್ಟು ಕದಲಬೇಡ. ಮೂರು ಸಲ ಸೀಟಿ ಊದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು ಸಲ. ಕೂಗಿದರೆ ಗಂಟಲು ಬೇಗ ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಗೊತ್ತಿಲ್ಲದವರು ನಿನ್ನ ಹೆಸರು ಹಿಡಿದು ಕೂಗಿದರೂ ಉತ್ತರ ಕೊಡು. ಈ ಕೊನೆಯ ಮಾತು ಮುಖ್ಯ. ಬೈಯುತ್ತಾರೆ ಎಂಬ ಭಯಕ್ಕೆ ಹುಡುಕಲು ಬಂದವರಿಂದಲೇ ಮಕ್ಕಳು ಅಡಗಿಕೊಳ್ಳುವುದುಂಟು. "ತಪ್ಪಿಸಿಕೊಂಡರೆ ನಾವು ಬೈಯಲ್ಲ" ಅಂತ ಮೊದಲೇ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ.

ಚಿಕ್ಕ ಮಕ್ಕಳ ಮಣಿಕಟ್ಟಿನ ಮೇಲೆ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆಯಿರಿ. ಹೊರಟ ಕೂಡಲೇ ಎಲ್ಲರ ಒಂದು ಫೋಟೋ ತೆಗೆಯಿರಿ. ಯಾವ ಬಣ್ಣದ ಅಂಗಿ ಅಂತ ಕೇಳಿದಾಗ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಮಗು ಕಾಣದಿದ್ದರೆ ಎಲ್ಲರೂ ದಿಕ್ಕಿಗೊಬ್ಬರಂತೆ ಓಡಬೇಡಿ, ಒಬ್ಬರ ಬದಲು ಮೂವರು ಕಳೆದುಹೋಗುತ್ತಾರೆ. ಕೊನೆಯದಾಗಿ ಕಂಡ ಜಾಗದಲ್ಲಿ ಒಬ್ಬರು ನಿಲ್ಲಲಿ. ಉಳಿದ ಮಕ್ಕಳು, ಹಿರಿಯರು ಅವರ ಜೊತೆಗೇ ಇರಲಿ. ಇಬ್ಬರು ದೊಡ್ಡವರು ಹುಡುಕಲಿ, ಮೊದಲು ನೀರಿನ ಕಡೆ, ಆಮೇಲೆ ರಸ್ತೆಯ ಕಡೆ. ಒಂದೊಂದು ನಿಮಿಷಕ್ಕೊಮ್ಮೆ ಕೂಗಿ, ಪೂರ್ತಿ ಸುಮ್ಮನಾಗಿ ಕಿವಿಗೊಡಿ. ಹತ್ತು ನಿಮಿಷದಲ್ಲಿ ಸಿಗದಿದ್ದರೆ ಸಂಕೋಚ ಬಿಟ್ಟು ಸಹಾಯಕ್ಕೆ ಕರೆ ಮಾಡಿ. ಆಮೇಲೆ ಮಗು ಸಿಕ್ಕಿದರೆ ಫೋನ್ ಮಾಡಿ ತಿಳಿಸಿದರಾಯಿತು.

10. ಮನೆಗೆ ಬಂದ ಮೇಲೆ

ಬಾಗಿಲಲ್ಲೇ ಬಟ್ಟೆ ಕೊಡವಿ. ಹುಲ್ಲು, ಪೊದೆಗಳ ನಡುವೆ ನಡೆದಿದ್ದರೆ ಎಲ್ಲರ ಮೈ ಪರೀಕ್ಷಿಸಿ: ಕಿವಿಯ ಹಿಂದೆ, ಕೂದಲಂಚು, ಕಂಕುಳು, ಸೊಂಟದ ಪಟ್ಟಿ, ಮಂಡಿಯ ಹಿಂಬದಿ. ಉಣ್ಣಿ ಕಚ್ಚಿಕೊಂಡಿದ್ದರೆ ಸಣ್ಣ ಮೂತಿಯ ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು, ತಿರುಚದೆ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತೋರಿಸುವುದು ಬೇಡ. ಮುಂದಿನ ಕೆಲವು ವಾರದಲ್ಲಿ ಜ್ವರ ಅಥವಾ ಕಚ್ಚಿದಲ್ಲಿ ಹರಡುವ ಕೆಂಪು ಕಲೆ ಕಂಡರೆ ವೈದ್ಯರಿಗೆ ತೋರಿಸಿ, ಉಣ್ಣಿ ಕಚ್ಚಿತ್ತು ಅಂತ ಹೇಳಿ.

ರಾತ್ರಿ ಮಲಗುವ ಮೊದಲು ಮೊದಲ ದಿನದ ಆ ಪಟ್ಟಿಯನ್ನೇ ತೆಗೆದು ನಾಲ್ಕು ಸಾಲು ಬರೆಯಿರಿ. ಎಷ್ಟು ಹೊತ್ತಿಗೆ ಹೊರಟಿರಿ, ಎಲ್ಲಿ ತಡವಾಯಿತು, ಎಷ್ಟು ನೀರು ಉಳಿಯಿತು, ಯಾರ ಕಾಲು ನೋಯಿತು. ನಿಮ್ಮ ಗುಂಪಿಗೆ ಎರಡರಿಂದ ಗುಣಿಸಬೇಕೋ ಒಂದೂವರೆಯಿಂದ ಸಾಕೋ ಎಂಬುದು ಇಂಥ ಮೂರು ನಾಲ್ಕು ಪುಟ ಸೇರಿದ ಮೇಲೆ ಗೊತ್ತಾಗುತ್ತದೆ.

ಒದ್ದೆ ಶೂಗಳ ಒಳಗೆ ಹಳೇ ಪತ್ರಿಕೆ ತುರುಕಿ ಗಾಳಿಯಾಡುವ ನೆರಳಲ್ಲಿಡಿ. ಒಲೆ, ಹೀಟರ್ ಹತ್ತಿರ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಪತ್ರಿಕೆ ಬದಲಾಯಿಸಲು ಐದು ವರ್ಷದವಳಿಗೆ ಹೇಳಿ, ಇಪ್ಪತ್ತು ಶೂಗಳನ್ನೂ ಜೋಡಿ ಮಾಡಿ ಸಾಲಾಗಿ ಇಡುತ್ತಾಳೆ.